ಮಿದುಳಿಗೆ ಪೆಟ್ಟಾದವರ ಮನೆಗೆ ಬೇಕಾದ ಸಾಮಾನು: ಯಾವುದು ಕೈಹಿಡಿಯುತ್ತದೆ, ಯಾವುದು ಅಟ್ಟ ಸೇರುತ್ತದೆ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದರೆ ನೆಂಟರಿಷ್ಟರೆಲ್ಲ ‘ಸದ್ಯ, ಗುಣ ಆಯ್ತಲ್ಲ’ ಎನ್ನುತ್ತಾರೆ. ತೊಂದರೆ ಕಾಣಿಸಿಕೊಳ್ಳುವುದು ಆಮೇಲೆ. ಹಾಲು ಒಲೆಗಿಟ್ಟು ಹಿತ್ತಲಿಗೆ ಹೋದವರು ಅಲ್ಲೇ ಬಟ್ಟೆ ಒಣಹಾಕುತ್ತ ನಿಂತುಬಿಡುತ್ತಾರೆ. ಬೆಳಗಿನ ಫಿಟ್ಸ್ ಮಾತ್ರೆ ನುಂಗಿದ್ದು ನೆನಪಿರದೆ ಇನ್ನೊಂದು ನುಂಗುತ್ತಾರೆ. ‘ಸ್ನಾನಕ್ಕೆ ಹೋಗಿ’ ಎಂದರೆ ‘ಹ್ಞೂಂ’ ಎಂದು ಅರ್ಧ ಗಂಟೆ ಅಲ್ಲೇ ಕೂತಿರುತ್ತಾರೆ. ಫೋನಿನಲ್ಲಿ ಯಾರು ಎಷ್ಟು ಕೇಳಿದರೂ ದುಡ್ಡು ಕಳಿಸಿಬಿಡುತ್ತಾರೆ. ಕೈಕಾಲು ನೆಟ್ಟಗಿದೆ, ಮಾತು ಸ್ಪಷ್ಟವಾಗಿದೆ, ಆದರೂ ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ.

ನಡೆಯಲಾಗದವರಿಗೆ ಬೇಕಾದ ವಾಕರ್, ವೀಲ್‌ಚೇರ್, ಕಮೋಡ್ ಕುರ್ಚಿ ಜಿಲ್ಲಾ ಕೇಂದ್ರದ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಮರೆವಿಗೆ, ನಿಲ್ಲದ ಗಮನಕ್ಕೆ, ಕೆಲಸ ಶುರು ಮಾಡಲಾಗದ ಸ್ಥಿತಿಗೆ ಅಂಥ ಅಂಗಡಿಯಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲೂ ಮಿದುಳಿನ ಪೆಟ್ಟು ಎಂಬ ಪ್ರತ್ಯೇಕ ಹೆಸರಿಲ್ಲ. ಕೈಕಾಲಿನ ಊನ, ಮಾತಿನ ತೊಂದರೆ, ಹೀಗೆ ಬೇರೆ ಯಾವುದಾದರೂ ಹೆಸರಿನಡಿ ಪ್ರಮಾಣಪತ್ರ ಪಡೆಯಬೇಕು. ಏನು ಕೊಳ್ಳಬೇಕೆಂದು ಹೇಳುವವರಿಲ್ಲದೆ ಮನೆಯವರು ಆನ್‌ಲೈನ್‌ನಲ್ಲಿ ಕಂಡದ್ದನ್ನೆಲ್ಲ ತರಿಸುತ್ತಾರೆ. ಅದರಲ್ಲಿ ಬಹಳಷ್ಟು ಅಟ್ಟ ಸೇರುತ್ತದೆ.

ಇಲ್ಲಿ ಸಾಮಾನುಗಳನ್ನು ತೂಗಿರುವುದು ಮೂರು ಪ್ರಶ್ನೆಗಳಿಂದ. ಇದನ್ನು ಬಳಸಬೇಕು ಎಂಬುದನ್ನೇ ವ್ಯಕ್ತಿ ಮರೆತಾಗಲೂ ಇದು ಕೆಲಸ ಮಾಡುತ್ತದೆಯೇ? ಕೆಟ್ಟಾಗ ಅಥವಾ ಕರೆಂಟು ಹೋದಾಗ ಸುಮ್ಮನೆ ನಿಲ್ಲುತ್ತದೆಯೋ, ಅಪಾಯಕ್ಕೆ ದಾರಿ ಮಾಡುತ್ತದೆಯೋ? ವಾರಕ್ಕೆ ಮನೆಯ ಇನ್ನೊಬ್ಬರ ಎಷ್ಟು ಹೊತ್ತನ್ನು ಇದು ತಿನ್ನುತ್ತದೆ? ಮೊದಲ ಪ್ರಶ್ನೆಯಲ್ಲಿ ಸೋತ ಸಾಮಾನು ಉಳಿದೆರಡರಲ್ಲಿ ಗೆದ್ದರೂ ಮರೆವಿರುವವರ ಮನೆಗೆ ಬೇಡ.

ದುಡ್ಡು ಬಿಚ್ಚುವ ಮೊದಲು

ಹೊರಗಿನಿಂದ ಎಲ್ಲವೂ ‘ಮರೆವು’ ಎಂದೇ ಕಾಣುತ್ತದೆ. ಒಳಗೆ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ, ಮೂರಕ್ಕೂ ಬೇಕಾದ ಸಾಮಾನು ಬೇರೆ. ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ. ಮನೆಯ ಯಾವುದಾದರೂ ಫೋನಿನಲ್ಲಿ ಸಂಜೆ ಐದಕ್ಕೆ ಅಲಾರಂ ಇಡಿ. ‘ಇದು ಬಡಿದಾಗ ತುಳಸಿಗೆ ಒಂದು ಚೊಂಬು ನೀರು ಹಾಕಬೇಕು’ ಎಂದು ಬೆಳಗ್ಗೆಯೇ ಅವರಿಗೆ ಹೇಳಿಡಿ. ಐದಕ್ಕೆ ದೂರ ನಿಂತು ನೋಡಿ, ನೆನಪಿಸಬೇಡಿ.

ಅಲಾರಂ ನಿಲ್ಲಿಸಿ ‘ಯಾಕೆ ಬಡೀತು ಇದು?’ ಎಂದು ಸುತ್ತ ನೋಡಿದರೆ ವಿಷಯವೇ ಅಳಿಸಿಹೋಗಿದೆ ಎಂದರ್ಥ. ಅವರಿಗೆ ಬರೀ ಸದ್ದು ಸಾಲದು, ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳುವ ಸಾಧನ ಬೇಕು. ಕೇಳಿದಾಗ ‘ತುಳಸಿಗೆ ನೀರು’ ಎಂದು ಸರಿಯಾಗಿ ಹೇಳಿ, ಮತ್ತೆ ಅಲ್ಲೇ ಕೂತಿದ್ದರೆ ನೆನಪಿಗೆ ತೊಂದರೆಯಿಲ್ಲ. ಕೆಲಸಕ್ಕೆ ಚಾಲನೆ ಕೊಡುವ ಮುಂಭಾಗದ ಮಿದುಳಿಗೆ ಪೆಟ್ಟಾಗಿದೆ. ನಮ್ಮ ಮನೆಗಳಲ್ಲಿ ಇದಕ್ಕೆ ‘ಸೋಮಾರಿತನ’ ಎಂಬ ಹೆಸರು ಬಿದ್ದು ದಿನಾ ಜಗಳವಾಗುತ್ತದೆ. ಇಂಥವರಿಗೆ ಹತ್ತು ಅಲಾರಂ ಇಟ್ಟರೂ ಫಲವಿಲ್ಲ. ‘ಎದ್ದು ನಿಲ್ಲಿ, ಚೊಂಬು ತೊಗೊಳ್ಳಿ’ ಎಂಬ ಮೊದಲ ಹೆಜ್ಜೆಯನ್ನು ಯಾರಾದರೂ, ಇಲ್ಲವೇ ಯಾವುದಾದರೂ ಧ್ವನಿ ಹೇಳಬೇಕು. ಎದ್ದರೆ ಉಳಿದದ್ದು ಬಹುಮಟ್ಟಿಗೆ ತಾನಾಗಿ ನಡೆಯುತ್ತದೆ. ಮೂರನೆಯ ಉತ್ತರ ‘ಆಗಲೇ ಹಾಕಿದೆನಲ್ಲ’. ಇದು ಸುಳ್ಳಲ್ಲ, ಮಿದುಳು ಖಾಲಿ ಜಾಗವನ್ನು ತುಂಬಿಕೊಂಡಿದೆ. ಇವರಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಪುರಾವೆ. ವಾದ ಮಾಡಿ ಗೆಲ್ಲಲಾಗದು.

ಇನ್ನೊಂದು ಪರೀಕ್ಷೆ ಮೂಗಿನದು, ಇದನ್ನು ಬಹಳ ಜನ ಮಾಡುವುದೇ ಇಲ್ಲ. ತಲೆಗೆ ಜೋರು ಪೆಟ್ಟು ಬಿದ್ದಾಗ ಮೂಗಿನ ಮೇಲ್ಭಾಗದ ಜರಡಿಯಂಥ ಎಲುಬಿನ ತೂತುಗಳಲ್ಲಿ ಹಾದುಹೋಗುವ ವಾಸನೆಯ ನರದ ಎಳೆಗಳು ಕತ್ತರಿಸಿಹೋಗಬಹುದು. ಕಣ್ಣು ಮುಚ್ಚಿಸಿ ಕಾಫಿಪುಡಿ, ಸೋಪು ಮೂಸಿಸಿ. ವಿಕ್ಸ್, ಅಮೃತಾಂಜನ ಬೇಡ. ಅವುಗಳ ಉರಿಯನ್ನು ಮುಖದ ಬೇರೊಂದು ನರ ಹಿಡಿಯುತ್ತದೆ, ಆದ್ದರಿಂದ ವಾಸನೆ ಹೋಗಿರುವವರೂ ‘ಗೊತ್ತಾಯ್ತು’ ಎನ್ನುತ್ತಾರೆ. ಕಾಫಿಯ ಘಮ ತಿಳಿಯದವರಿಗೆ ಸೋರುವ ಗ್ಯಾಸೂ ತಿಳಿಯದು, ಹಳಸಿದ ಸಾರೂ ತಿಳಿಯದು.

ವಾರದ ಮಾತ್ರೆ ಡಬ್ಬಿ

ಐನೂರು ರೂಪಾಯಿಯೊಳಗೆ ಸಿಗುವ, ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವ ಸಾಮಾನು ಇದು. ಇದರ ದೊಡ್ಡ ಗುಣ ನೆನಪಿಸುವುದಲ್ಲ, ಪುರಾವೆ ತೋರಿಸುವುದು. ಬುಧವಾರ ಬೆಳಗಿನ ಖಾನೆ ಖಾಲಿಯಿದ್ದರೆ ಮಾತ್ರೆ ಹೊಟ್ಟೆಗೆ ಹೋಗಿದೆ. ‘ತೊಗೊಂಡ್ಯಾ, ಇಲ್ವಾ’ ಎಂಬ ಮಾತೇ ಬೇಕಿಲ್ಲ.

ಖಾನೆಗಳ ಲೆಕ್ಕ ಮಾತ್ರೆಯ ಹೊತ್ತಿಗೆ ತಕ್ಕಂತಿರಲಿ. ಲೆವೆಟಿರಾಸೆಟಮ್‌ನಂಥ ಫಿಟ್ಸ್ ಮಾತ್ರೆ ಸಾಮಾನ್ಯವಾಗಿ ದಿನಕ್ಕೆರಡು ಹೊತ್ತು. ಅದಕ್ಕೆ ಏಳು ದಿನ, ಎರಡು ಹೊತ್ತಿನ 14 ಖಾನೆ ಸಾಕು. ‘ಇರಲಿ’ ಎಂದು 28 ಖಾನೆಯದು ತಂದರೆ ಅರ್ಧ ಖಾನೆಗಳು ಯಾವಾಗಲೂ ಖಾಲಿಯಿರುತ್ತವೆ, ಪುರಾವೆ ತೋರಿಸುವ ಗುಣವೇ ಹೋಗುತ್ತದೆ. ಮುಚ್ಚಳದ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಸ್’ ಎರಡು, ‘ಟಿ’ ಎರಡು. ಶನಿವಾರದ್ದೋ ಭಾನುವಾರದ್ದೋ ಎಂದು ಚೆನ್ನಾಗಿರುವವರೂ ತಡವರಿಸುತ್ತಾರೆ. ‘ಸೋಮ, ಮಂಗಳ, ಬುಧ’ ಎಂದು ಬರೆದ ಕಾಗದವನ್ನು ಸೆಲೋಟೇಪಿನಿಂದ ಅಂಟಿಸಿ. ಮುಚ್ಚಳ ತೀರಾ ಬಿಗಿಯಿದ್ದರೆ ಒಂದು ಕೈ ಸೋತವರಿಗೆ ತೆಗೆಯಲಾಗದು. ಕೊಳ್ಳುವಾಗ ಅಂಗಡಿಯಲ್ಲೇ ಒಂದೇ ಕೈಯಲ್ಲಿ ತೆರೆದು ನೋಡಿ. ತಳಕ್ಕೆ, ಅಲಮಾರಿಯಲ್ಲಿ ಹಾಸುವ ಜಾರದ ಮ್ಯಾಟಿನ ತುಂಡು ಹಾಕಿದರೆ ಡಬ್ಬಿ ಸರಿಯುವುದಿಲ್ಲ. ಇಡುವ ಜಾಗ ದೇವರ ಕೋಣೆಯೂ ಅಲ್ಲ, ಬೀರುವೂ ಅಲ್ಲ: ಅವರು ದಿನಾ ನೀರು ಕುಡಿಯುವ ಜಾಗ.

ಒಂದು ಎಚ್ಚರಿಕೆಯನ್ನು ಮೆಡಿಕಲ್ ಅಂಗಡಿಯವರು ಹೇಳುವುದು ಅಪರೂಪ. ಫಿಟ್ಸಿಗೇ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ಮಾತ್ರೆ ಗಾಳಿಯ ತೇವ ಹೀರುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ವಾರಗಟ್ಟಲೆ ಡಬ್ಬಿಯಲ್ಲಿಟ್ಟರೆ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಸ್ಟ್ರಿಪ್ಪನ್ನೇ ಕತ್ತರಿಸಿ ಹಾಳೆಯ ಸಮೇತ ಖಾನೆಗೆ ಹಾಕುವುದು ಕೆಲವರ ಉಪಾಯ. ವಿವೇಚನೆ ಕುಂದಿದವರು ಹಾಳೆ ಸಮೇತ ನುಂಗಿದರೆ ಅದರ ಮೊನೆ ಅನ್ನನಾಳ ಸೀಳಬಲ್ಲದು. ಆದ್ದರಿಂದ ವಾಲ್‌ಪ್ರೊಯೇಟ್ ಸ್ಟ್ರಿಪ್ಪಿನಲ್ಲೇ ಇರಲಿ, ಪ್ರತಿ ಮಾತ್ರೆಯ ಹಿಂದೆ ಅಳಿಸದ ಪೆನ್ನಿನಲ್ಲಿ ವಾರ, ಹೊತ್ತು ಬರೆಯಿರಿ.

ಡಬ್ಬಿ ತುಂಬುವುದು ಇನ್ನೊಬ್ಬರ ಕೆಲಸ: ಭಾನುವಾರ, ಚೀಟಿ ಎದುರಿಟ್ಟುಕೊಂಡು. ವಾರದ ಮಧ್ಯೆ ವೈದ್ಯರು ಡೋಸ್ ಬದಲಿಸಿದರೆ ಒಂದೊಂದು ಖಾನೆ ತಿದ್ದಲು ಹೋಗಬೇಡಿ. ಪೂರ್ತಿ ಸುರಿದು ಹೊಸದಾಗಿ ತುಂಬಿ. ತಪ್ಪುಗಳು ಆಗುವುದೇ ಆ ಮಧ್ಯವಾರದ ತಿದ್ದುಪಡಿಯಲ್ಲಿ. ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡು ನುಂಗಿಸುವುದೂ ಬೇಡ. ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಫಿಟ್ಸ್ ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುವ ಅಪಾಯ ಹೆಚ್ಚು.

ಬೀಗವಿರುವ, ಹೊತ್ತಿಗೆ ಸರಿಯಾಗಿ ಒಂದೇ ಖಾನೆ ತೆರೆದು ಸದ್ದು ಮಾಡುವ ತಿರುಗು ಡಬ್ಬಿಗಳೂ ಬಂದಿವೆ, ಬೆಲೆ ಸಾವಿರಗಳಲ್ಲಿ. ತೆಗೆದುಕೊಂಡ ಮಾತ್ರೆಯನ್ನೇ ಮತ್ತೆ ಮತ್ತೆ ತೆಗೆದುಕೊಳ್ಳುವವರಿದ್ದರೆ ಕೊಟ್ಟ ದುಡ್ಡು ದಂಡವಲ್ಲ. ಬರೀ ಮರೆಯುವವರಿಗೆ ಅಗತ್ಯವಿಲ್ಲ. ನಾಲ್ಕು ಹೊತ್ತಿನವರಿಗೆ 28 ಖಾನೆ ಒಂದೇ ವಾರಕ್ಕೆ ಮುಗಿಯುತ್ತದೆ ಎಂಬುದನ್ನು ಜಾಹೀರಾತಿನ ‘28 ದಿನ’ ನೋಡಿ ಮರೆಯಬೇಡಿ.

ಫೋನು

ಹೊಸ ಸಾಧನ ಕೊಳ್ಳಬೇಕಿಲ್ಲ, ಮನೆಯಲ್ಲಿರುವ ಆಂಡ್ರಾಯ್ಡ್ ಫೋನೇ ಸಾಕು. ಸರಿಯಾಗಿ ಅಣಿಮಾಡಿದರೆ ಮಾತ್ರ. ಸ್ಮಾರ್ಟ್‌ಫೋನು ಬರುವ ಮೊದಲೇ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಎಂಜಿನಿಯರ್ ತಲೆಗೆ ಪೆಟ್ಟಾದ ತನ್ನ ಮಗನಿಗಾಗಿ, ಒಬ್ಬ ನರಮನೋವಿಜ್ಞಾನಿಯ ಜತೆಗೂಡಿ ‘ನ್ಯೂರೋಪೇಜ್’ ಎಂಬ ಪೇಜರ್ (ಸಣ್ಣ ಸಂದೇಶ ತೋರಿಸುವ ಜೇಬಿನ ಸಾಧನ) ವ್ಯವಸ್ಥೆ ಕಟ್ಟಿದ್ದರು. ಇಂಗ್ಲೆಂಡಿನಲ್ಲಿ ನರಮನೋವಿಜ್ಞಾನಿ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು ಅದನ್ನು 143 ಜನರಿಗೆ ಕೊಟ್ಟು ನೋಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ವಾರ ಪೂರೈಸಿದವರಲ್ಲಿ ಶೇ 80ಕ್ಕೂ ಹೆಚ್ಚು ಜನ ಪೇಜರ್ ಇದ್ದಾಗ ಮಾತ್ರೆ, ಸ್ನಾನ, ಹೋಗಬೇಕಾದ ಕಡೆ ಹೋಗುವುದು ಇವನ್ನೆಲ್ಲ ಮೊದಲಿಗಿಂತ ಚೆನ್ನಾಗಿ ನಿಭಾಯಿಸಿದ್ದರು. ಪೇಜರ್ ವಾಪಸ್ ಕೊಟ್ಟು ಏಳು ವಾರವಾದ ಮೇಲೂ ಅವರಲ್ಲಿ ಹೆಚ್ಚಿನವರಿಗೆ ಲಾಭ ಉಳಿದಿತ್ತು. ಆ ಪೇಜರಿಗಿದ್ದದ್ದು ಒಂದೇ ದೊಡ್ಡ ಗುಂಡಿ. ಬರುತ್ತಿದ್ದದ್ದು ‘ಈಗ ಇದನ್ನು ಮಾಡು’ ಎಂಬ ಒಂದೇ ಸಾಲು. ಇವತ್ತಿನ ಫೋನು ಕೆಲಸಕ್ಕೆ ಬರಬೇಕಾದರೆ ಅದನ್ನು ಆ ಪೇಜರಿನಷ್ಟು ಸರಳಗೊಳಿಸಬೇಕು.

ಎಲ್ಲರೂ ಮೊದಲು ಕೈಹಾಕುವುದು ಗೂಗಲ್ ಕ್ಯಾಲೆಂಡರಿಗೆ. ಮಾತ್ರೆಗೆ ಅದು ತಪ್ಪು ಆಯ್ಕೆ. ಕ್ಯಾಲೆಂಡರಿನ ಸೂಚನೆ ಒಮ್ಮೆ ‘ಟಿಂಗ್’ ಎಂದು ಸುಮ್ಮನಾಗುತ್ತದೆ. ಫೋನು ಸೈಲೆಂಟಿನಲ್ಲಿದ್ದರೆ ಅದೂ ಇಲ್ಲ. ಬೆರಳು ಸರಿಸಿದರೆ ಸೂಚನೆ ಮಾಯ. ಅಲ್ಲದೆ ಅದು ತಾನಾಗಿ ನೆನಪಿಸುವುದು 30 ನಿಮಿಷ ಮೊದಲು. ಮರೆವಿರುವವರಿಗೆ ‘ಅರ್ಧ ಗಂಟೆಯಲ್ಲಿ ಮಾತ್ರೆ ಇದೆ’ ಎಂದು ಹೇಳಿದರೆ ಹೇಳದಿದ್ದಂತೆಯೇ. ಕ್ಯಾಲೆಂಡರನ್ನು ಆಸ್ಪತ್ರೆಯ ಭೇಟಿ, ಫಿಸಿಯೋಥೆರಪಿ ಇಂಥವಕ್ಕೆ ಇಟ್ಟುಕೊಳ್ಳಿ. ಅದರಲ್ಲೂ ಒಂದು ಸೂಚನೆ ಹಿಂದಿನ ಸಂಜೆ, ಇನ್ನೊಂದು ಹೊರಡುವ ಹೊತ್ತಿಗೇ ಸರಿಯಾಗಿ. ಇದರ ನಿಜವಾದ ಲಾಭ ಬೇರೆ: ಕ್ಯಾಲೆಂಡರನ್ನು ಹಂಚಿಕೊಂಡರೆ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗಳು ಅಲ್ಲಿಂದಲೇ ಅಪ್ಪನ ಫೋನಿನ ಪಟ್ಟಿ ತುಂಬಬಹುದು. ಒಂದು ಕಾಲದಲ್ಲಿ ಇದರ ಸೂಚನೆ ಸಾದಾ ಫೋನಿಗೂ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. 2019ರ ಜನವರಿಯಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಬಟನ್ ಫೋನಿನವರಿಗೆ ಅದು ದೊಡ್ಡ ನಷ್ಟವೇ.

ಮಾತ್ರೆ, ಊಟ, ಸ್ನಾನಕ್ಕೆ ಗಡಿಯಾರದ ಅಲಾರಮ್ಮೇ ಸರಿ. ಸೈಲೆಂಟಿನಲ್ಲೂ ಬಡಿಯುತ್ತದೆ, ನಿಲ್ಲಿಸದಿದ್ದರೆ ನಿಮಿಷಗಟ್ಟಲೆ ಬಡಿಯುತ್ತಲೇ ಇರುತ್ತದೆ. ಗೂಗಲ್‌ನ ಕ್ಲಾಕ್ ಆ್ಯಪ್‌ನಲ್ಲಿ ಅಲಾರಮ್ಮಿಗೆ ನಮ್ಮದೇ ಧ್ವನಿಯ ಫೈಲು ಹಾಕಬಹುದು, ಇಡೀ ಪಟ್ಟಿಯಲ್ಲಿ ಇದಕ್ಕಿಂತ ಬೆಲೆಬಾಳುವ ಸೌಲಭ್ಯ ಇನ್ನೊಂದಿಲ್ಲ. ಫೋನಿನ ರೆಕಾರ್ಡರಿನಲ್ಲಿ ಮನೆಯವರೊಬ್ಬರು ಮಾತಾಡಿ ಉಳಿಸಿ. ಆಮೇಲೆ ಅಲಾರಮ್ಮಿನ ‘ಸೌಂಡ್’ ಒಳಗೆ ಹೊಸ ಧ್ವನಿ ಸೇರಿಸುವಲ್ಲಿ ಆ ಫೈಲನ್ನು ಆರಿಸಿ. ಮಾತು ಹೀಗಿರಲಿ: ‘ಅಪ್ಪಾ, ಎದ್ದೇಳಿ. ನೀರಿನ ಜಗ್ಗಿನ ಪಕ್ಕ ನೀಲಿ ಡಬ್ಬಿ ಇದೆ. ಬೆಳಗಿನ ಖಾನೆ ತೆಗೆದು ಮಾತ್ರೆ ನುಂಗಿ. ಆಮೇಲೆ ಇದನ್ನು ಆಫ್ ಮಾಡಿ.’ ಕೊನೆಯ ವಾಕ್ಯ ಬಿಡಬೇಡಿ. ಮೊದಲು ಅಲಾರಂ ನಿಲ್ಲಿಸಿ ಆಮೇಲೆ ಏಳುವವರು ಎರಡು ಹೆಜ್ಜೆಯಲ್ಲಿ ವಿಷಯ ಮರೆಯುತ್ತಾರೆ. ಕೆಲಸ ಶುರು ಮಾಡಲಾಗದವರಿಗೂ ಈ ‘ಎದ್ದೇಳಿ’ ಎಂಬ ಮೊದಲ ಹೆಜ್ಜೆ ಕೆಲಸ ಮಾಡುತ್ತದೆ. ಮಾತು ಮೂರು ನಾಲ್ಕು ಸಣ್ಣ ವಾಕ್ಯ ದಾಟದಿರಲಿ. ಒಂದೊಂದು ಕೆಲಸಕ್ಕೆ ಒಂದೊಂದು ಧ್ವನಿಯಿರಲಿ, ಎಲ್ಲಕ್ಕೂ ಒಂದೇ ಟ್ಯೂನ್ ಬೇಡ.

ಆ್ಯಪ್‌ನ ಸೆಟ್ಟಿಂಗಿನಲ್ಲಿ ಮೂರನ್ನು ತಿದ್ದಬೇಕು. ಅಲಾರಂ ಎಷ್ಟು ಹೊತ್ತಿಗೆ ತಾನೇ ಸುಮ್ಮನಾಗಬೇಕೆಂಬ ‘ಸೈಲೆನ್ಸ್ ಆಫ್ಟರ್’ ಮೊದಲೇ 10 ನಿಮಿಷಕ್ಕಿರುತ್ತದೆ, ಹೆಚ್ಚಿಸಿ. ಮುಂದೂಡಿದ ಅಲಾರಂ ಮತ್ತೆ ಬಡಿಯುವ ‘ಸ್ನೂಜ್’ ಅವಧಿಯೂ 10 ನಿಮಿಷ, ಇಳಿಸಿ. ವಾಲ್ಯೂಮ್ ಗುಂಡಿ ಒತ್ತಿದರೆ ಅಲಾರಂ ನಿಲ್ಲುವಂತಿದ್ದರೆ ಅದನ್ನು ಬದಲಿಸಿ, ಜೇಬಿನಲ್ಲೇ ಅದುಮಿ ಸುಮ್ಮನಾಗಿಸುವುದು ತಪ್ಪುತ್ತದೆ. ಬೇರೆ ಕಂಪನಿಗಳ ಫೋನುಗಳಲ್ಲಿ ಈ ಹೆಸರುಗಳು ಸ್ವಲ್ಪ ಬೇರೆಯಿರಬಹುದು. ಬ್ಯಾಟರಿ ಉಳಿಸಲೆಂದು ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ಮುಚ್ಚುವ ಫೋನುಗಳಿವೆ, ಅವುಗಳಲ್ಲಿ ಕ್ಯಾಲೆಂಡರನ್ನು ಆ ಪಟ್ಟಿಯಿಂದ ಹೊರಗಿಡಿ. ಪರದೆಯ ಮೇಲೆ ನಾಲ್ಕೇ ಚಿತ್ರ: ಕರೆ, ವಾಟ್ಸಾಪ್, ಕ್ಯಾಮೆರಾ, ಗಡಿಯಾರ. ದಿನಕ್ಕೆ ಅಲಾರಂ ನಾಲ್ಕೈದು ದಾಟಿದರೆ ಕೇಳಿಯೂ ಕೇಳದ ಹಾಗಾಗುತ್ತದೆ. ಎಲ್ಲಕ್ಕೂ ಅಲಾರಂ ಇಡುವ ಉತ್ಸಾಹ ಮನೆಯವರದ್ದೇ ಹೊರತು ರೋಗಿಯದ್ದಲ್ಲ.

ಫೋನು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಚಾರ್ಜ್ ಇರುವುದಿಲ್ಲ. ಸ್ವಿಚ್ ಆಫ್ ಆದ ಫೋನಿನಲ್ಲಿ ಅಲಾರಂ ಬಡಿಯುತ್ತದೆಂದು ನಂಬುವ ಹಾಗಿಲ್ಲ. ಮಲಗುವ ಜಾಗದ ಪಕ್ಕ ಚಾರ್ಜರನ್ನು ಬೋರ್ಡಿಗೆ ಹಾಕಿಯೇ ಬಿಡಿ. ರಾತ್ರಿ ಚಾರ್ಜಿಗೆ ಇಡುವುದು ರಾತ್ರಿ ಮಾತ್ರೆಯ ಧ್ವನಿಯಲ್ಲೇ ಸೇರಲಿ.

ಕಲಿಸುವ ಕ್ರಮಕ್ಕೆ ಬಂದರೆ, ‘ನೀವೇ ಪ್ರಯತ್ನ ಮಾಡಿ, ತಪ್ಪಾದರೆ ಪರವಾಗಿಲ್ಲ’ ಎಂಬುದು ಇಲ್ಲಿ ನಡೆಯದು. ನೆನಪು ಸೋತವರಲ್ಲಿ ತಪ್ಪು ಹೆಜ್ಜೆಯೇ ಅಭ್ಯಾಸವಾಗಿ ಕೂರುತ್ತದೆ, ತಪ್ಪೆಂದು ಹೇಳಿದ್ದು ಮಾತ್ರ ಮರೆಯುತ್ತದೆ. ಮೊದಲು ಬೆರಳು ಹಿಡಿದು ಸರಿಯಾದದ್ದನ್ನೇ ಮಾಡಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ ಮಾಡಿಸಿ, ಆಮೇಲೆ ಒಂದು, ಎರಡು, ನಾಲ್ಕು, ಎಂಟು ನಿಮಿಷಕ್ಕೆ. ತಡವರಿಸಿದರೆ ಕಾಯದೆ ಉತ್ತರ ಹೇಳಿ ಹಿಂದಿನ ಅವಧಿಗೆ ಇಳಿಯಿರಿ. ಸುಸ್ತು ಬೇಗ ಆಗುತ್ತದೆ, ಆದ್ದರಿಂದ ಬೆಳಗಿನ ಹೊತ್ತು, ಕಾಲು ಗಂಟೆ, ಟಿವಿ ಆಫ್.

ಹೊರಗೆ ಒಬ್ಬರೇ ಹೋಗುವವರಿಗೆ ಗೂಗಲ್ ಮ್ಯಾಪ್ಸ್‌ನಲ್ಲಿ ‘ನಿಲ್ಲಿಸುವ ತನಕ’ ಎಂದು ಜಾಗ ಹಂಚಿಕೊಳ್ಳುವುದು ಒಳ್ಳೆಯದು. ವಾಟ್ಸಾಪಿನ ಲೈವ್ ಲೊಕೇಶನ್ ಹೆಚ್ಚೆಂದರೆ 8 ಗಂಟೆ, ದಿನಾ ಮತ್ತೆ ಹಾಕಲು ನೆನಪಿರಬೇಕು. ಇದನ್ನೆಲ್ಲ ಅವರಿಗೆ ಹೇಳಿ, ಒಪ್ಪಿಸಿ ಮಾಡಿ. ಪೆಟ್ಟಾಗಿದೆ ಎಂದ ಮಾತ್ರಕ್ಕೆ ಅವರು ಮಗುವಾಗುವುದಿಲ್ಲ.

ಆಟದ ಆ್ಯಪ್‌ಗಳು

‘ಮಿದುಳಿಗೆ ವ್ಯಾಯಾಮ’ ಎಂದು ಚಂದಾ ಕೇಳುವ ಆಟಗಳಿಗೆ ದುಡ್ಡು ಬೇಡ. ಆಡಿದವರು ಆ ಆಟದಲ್ಲಿ ಚುರುಕಾಗುತ್ತಾರೆ, ಅದು ಒಲೆ ಆರಿಸುವ ನೆನಪಿಗೆ ದಾಟುವ ಭರವಸೆಯಿಲ್ಲ. ಲ್ಯೂಮೊಸಿಟಿ ಆ್ಯಪ್‌ನ ಕಂಪನಿ ತಲೆಪೆಟ್ಟು, ಪಾರ್ಶ್ವವಾಯುವಿನ ನಂತರದ ತೊಂದರೆಗಳೂ ಕಡಿಮೆಯಾಗುತ್ತವೆ ಎಂಬಂತೆ ಜಾಹೀರಾತು ಕೊಟ್ಟದ್ದಕ್ಕೆ ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. 2016ರ ಜನವರಿಯಲ್ಲಿ ಕಂಪನಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಅಡಿಗೆಮನೆ

ಅಡಿಗೆಗೆ ಮರಳುವುದೇ ಬಹಳ ಜನಕ್ಕೆ ಸ್ವತಂತ್ರರಾದಂತೆ, ಅಪಾಯ ಹೆಚ್ಚಿರುವುದೂ ಅಲ್ಲೇ. ಕುಕ್ಕರಿನ ವಿಸಲ್ ಎಣಿಸುವುದನ್ನೇ ನೋಡಿ. ಈರುಳ್ಳಿ ಹೆಚ್ಚುತ್ತ, ಮಾತಾಡುತ್ತ, ‘ಎರಡಾಯ್ತು, ಇನ್ನೊಂದು’ ಎಂದು ಲೆಕ್ಕ ಹಿಡಿದಿಡಲು ಗಮನ ಮತ್ತು ನೆನಪು ಒಟ್ಟಿಗೆ ಕೆಲಸ ಮಾಡಬೇಕು. ಪೆಟ್ಟಾದ ಮಿದುಳು ಮೊದಲು ಕೈಬಿಡುವುದು ಇದನ್ನೇ.

ನಮ್ಮ ಮೊದಲ ಸ್ಥಾನ ಸಾದಾ ಎಲೆಕ್ಟ್ರಿಕ್ ರೈಸ್ ಕುಕ್ಕರಿಗೆ, ಒಂದೇ ಗುಂಡಿಯದು. ಪಾತ್ರೆಯಲ್ಲಿ ನೀರಿರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮುಗಿದು ಬಿಸಿ ಅದಕ್ಕಿಂತ ಸ್ವಲ್ಪ ಏರಿದ ಕೂಡಲೇ ತಳದ ಅಯಸ್ಕಾಂತ ಹಿಡಿತ ಬಿಟ್ಟು ಗುಂಡಿ ಮೇಲೆ ಹಾರುತ್ತದೆ. ಯಾರೂ ನೆನಪಿಡಬೇಕಿಲ್ಲ. ಕರೆಂಟು ಹೋದರೆ ಅನ್ನ ಬೇಯದೆ ಉಳಿಯುತ್ತದೆ ಅಷ್ಟೆ, ಬೆಂಕಿಯ ಭಯವಿಲ್ಲ. ಅಳತೆಗೆ ಒಂದೇ ಲೋಟ ಮೀಸಲಿಡಿ: ಸೋನಾ ಮಸೂರಿಗೆ ಒಂದು ಲೋಟ ಅಕ್ಕಿ, ಎರಡು ಲೋಟ ನೀರು, ಹೀಗೆಂದು ಬರೆದ ಚೀಟಿ ಕುಕ್ಕರಿನ ಮೈಗೇ ಅಂಟಿರಲಿ. ಕುಂದು ಒಂದಿದೆ: ಬೆಂದ ಮೇಲೆ ‘ವಾರ್ಮ್’ಗೆ ಹೋಗುತ್ತದೆಯೇ ಹೊರತು ಪೂರ್ತಿ ಆಫ್ ಆಗುವುದಿಲ್ಲ.

ಇಂಡಕ್ಷನ್ ಒಲೆ ಎರಡನೆಯದು. ಪಾತ್ರೆ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ನಿಲ್ಲುತ್ತದೆ, ಕರೆಂಟು ಹೋಗಿ ಬಂದರೂ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಆದರೆ ಖಾಲಿ ಬಾಣಲೆ ಮೇಲೆಯೇ ಇದ್ದರೆ ಕಾಯಿಸುತ್ತಲೇ ಇರುತ್ತದೆ, ಟೈಮರ್ ಹಾಕಲು ಮತ್ತೆ ನೆನಪು ಬೇಕು. ಅನೇಕ ಮಾದರಿಗಳಲ್ಲಿ ಹಾಲು, ಅನ್ನ ಎಂಬ ಸಿದ್ಧ ಗುಂಡಿಗಳಿಗೆ ಅವಧಿ ಒಳಗೇ ಇರುತ್ತದೆ. ಆ ಒಂದೆರಡು ಗುಂಡಿಗಳಿಗೆ ಮಾತ್ರ ಬಣ್ಣದ ಬಿಂದಿ ಅಂಟಿಸಿ ಅವನ್ನಷ್ಟೇ ಕಲಿಸಿ. ಅಲ್ಯೂಮಿನಿಯಂ ಪಾತ್ರೆ ನಡೆಯದು, ಅಯಸ್ಕಾಂತ ಅಂಟುವ ಚಪ್ಪಟೆ ತಳ ಬೇಕು. ಗಾಜು ತಣ್ಣಗಿರುತ್ತದೆಂಬುದು ತಪ್ಪು ಕಲ್ಪನೆ, ಪಾತ್ರೆಯ ಬಿಸಿ ಅದಕ್ಕಿಳಿದಿರುತ್ತದೆ. ಸ್ಪರ್ಶ ಕುಂದಿದ ಕೈ ಸುಟ್ಟದ್ದೂ ಗೊತ್ತಾಗದು. ತಲೆಯೊಳಗೆ ತುಂಬಿದ ನೀರು ಇಳಿಸುವ ಕೊಳವೆ (ಶಂಟ್) ಹಾಕಿದ್ದು, ಅದು ಹೊರಗಿನಿಂದ ಅಯಸ್ಕಾಂತದಿಂದ ಹೊಂದಿಸುವ ಬಗೆಯದಾಗಿದ್ದರೆ, ಇಂಡಕ್ಷನ್ ಕೊಳ್ಳುವ ಮೊದಲು ನ್ಯೂರೋಸರ್ಜನ್‌ರನ್ನು ಕೇಳಿ.

ಹಾಲಿಗೆ ಮಿಲ್ಕ್ ಕುಕ್ಕರ್. ಎರಡು ಗೋಡೆಯ ನಡುವೆ ನೀರು ತುಂಬುವ ಈ ಹಳೆಯ ಪಾತ್ರೆಯಲ್ಲಿ ಹಾಲು ಉಕ್ಕುವುದಿಲ್ಲ, ಬಿಸಿಯಾದಾಗ ಸಿಳ್ಳೆ ಹೊಡೆಯುತ್ತಲೇ ಇರುತ್ತದೆ. ನೀರು ತುಂಬಲು ಮರೆತರೆ ತಳ ಸುಟ್ಟು ಹೋಗುತ್ತದೆ, ತಾನಾಗಿ ನಿಲ್ಲುವುದೂ ಇಲ್ಲ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿರುವ ಮನೆಗೆ ಚೆನ್ನ, ಒಂಟಿಯಾಗಿರುವವರಿಗೆ ಅಲ್ಲ.

ಗ್ಯಾಸ್ ಒಲೆಯೇ ಬೇಕೆಂದರೆ ‘ಫ್ಲೇಮ್ ಫೇಲ್ಯೂರ್’ ರಕ್ಷಣೆಯಿರುವ ಹಾಬ್ (ಕಟ್ಟೆಯೊಳಗೆ ಕೂರಿಸುವ ಒಲೆ) ನೋಡಿ. ಉರಿ ಆರಿದರೆ ಅದು ಗ್ಯಾಸು ಕಡಿಯುತ್ತದೆ. ಪಾತ್ರೆ ಸೀಯುವುದನ್ನು ಮಾತ್ರ ತಡೆಯದು, ಅಂಗಡಿಯವರು ಎರಡನ್ನೂ ಸೇರಿಸಿ ಹೇಳುವುದುಂಟು. ವಾಸನೆ ಹೋದವರಿಗೆ ಗ್ಯಾಸ್ ಡಿಟೆಕ್ಟರ್ ಕಡ್ಡಾಯ ಎಂದೇ ಹೇಳುತ್ತೇವೆ. ಜಾಗ ತಪ್ಪಿದರೆ ಅದು ಗೋಡೆಯ ಅಲಂಕಾರ ಅಷ್ಟೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ: ಡಿಟೆಕ್ಟರ್ ನೆಲದಿಂದ ಸುಮಾರು ಒಂದು ಅಡಿಯೊಳಗಿರಬೇಕು. ಬೆಂಗಳೂರಿನಂಥ ಕಡೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಸೂರಿನ ಹತ್ತಿರ. ಸಿಲಿಂಡರಿನಿಂದ ಪೈಪಿಗೆ ಬದಲಾದ ಮನೆಗಳು ಡಿಟೆಕ್ಟರನ್ನೂ ನೋಡಿಕೊಳ್ಳಬೇಕು, ಎರಡೂ ಅನಿಲಕ್ಕೆ ಒಂದೇ ನಡೆಯುತ್ತದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ. ಅದು ಕೂಗಿದಾಗ ಮಾಡಬೇಕಾದ್ದನ್ನು ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಬರೆದಿಡಿ: ರೆಗ್ಯುಲೇಟರ್ ಆಫ್, ಕಿಟಕಿ ತೆರೆ, ಸ್ವಿಚ್ ಮುಟ್ಟಬೇಡ, ಹೊರಗೆ ಬಂದು 1906ಕ್ಕೆ ಕರೆ ಮಾಡು. ಆ ಸಂಖ್ಯೆ ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯದ್ದು. ಪೈಪಿನ ಗ್ಯಾಸಿನವರು ತಮ್ಮ ಕಂಪನಿಯ ತುರ್ತು ಸಂಖ್ಯೆ ಬರೆದುಕೊಳ್ಳಲಿ.

ಚಿಕ್ಕಪುಟ್ಟವು

ಗೋಡೆಯ ಬಿಳಿ ಬೋರ್ಡು ಅಗ್ಗ, ಒಳ್ಳೆಯದು. ಮೇಲೆ ವಾರ ಮತ್ತು ತಾರೀಕು, ಕೆಳಗೆ ಇವತ್ತಿನ ಮೂರು ಕೆಲಸ, ಪಕ್ಕದಲ್ಲಿ ಟಿಕ್ ಹಾಕಲು ಚೌಕ. ನಿನ್ನೆಯದನ್ನು ಅಳಿಸದಿದ್ದರೆ ಬೋರ್ಡೇ ದಾರಿ ತಪ್ಪಿಸುತ್ತದೆ, ಆದ್ದರಿಂದ ಬರೆಯುವ ಹೊಣೆ ಒಬ್ಬರದ್ದೇ ಇರಲಿ. ಎಡಗಡೆಯದನ್ನು ಗಮನಿಸದಿರುವ ತೊಂದರೆಯಿದ್ದರೆ ಬೋರ್ಡು ಅವರು ಕೂರುವ ಜಾಗದ ಬಲಕ್ಕೆ ಬರಲಿ.

ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್ ನಡುಗಿ ಎಚ್ಚರಿಸುತ್ತದೆ, ಯಾಕೆಂದು ಹೇಳುವುದಿಲ್ಲ. ಅಗ್ಗದ ಬ್ಯಾಂಡುಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುವುದೂ ಉಂಟು. ಕಟ್ಟುವುದೇ ಆದರೆ ಸ್ಪರ್ಶ ಚೆನ್ನಾಗಿರುವ ಕೈಗೆ ಕಟ್ಟಿ. ಮಾತಾಡುವ ಸ್ಪೀಕರಿಗೆ ಕರೆಂಟು, ಇಂಟರ್‌ನೆಟ್ ಎರಡೂ ಬೇಕು. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಅದನ್ನು ನಂಬಿ ಫಿಟ್ಸ್ ಮಾತ್ರೆ ಬಿಡಬೇಡಿ.

ಬಚ್ಚಲಿಗೆ: ರಬ್ಬರ್ ಕಪ್ಪಿನಿಂದ ಗೋಡೆಗೆ ಅಂಟುವ ಹಿಡಿಕೆ ಬೇಡವೇ ಬೇಡ, ಮೈಭಾರ ಬಿದ್ದಾಗ ಕಳಚುತ್ತದೆ. ಇಟ್ಟಿಗೆ ಗೋಡೆಗೆ ಕೊರೆದು ಆ್ಯಂಕರ್ ಬೋಲ್ಟಿನಿಂದ ಕೂರಿಸಿದ ಸ್ಟೀಲ್ ಹಿಡಿಕೆಯೇ ಆಗಬೇಕು. ಫಿಟ್ಸ್ ಇರುವವರ ಬಚ್ಚಲಿಗೆ ಹೊರಗಿನಿಂದಲೂ ತೆರೆಯಬಲ್ಲ ಚಿಲಕ ಹಾಕಿಸಿ. ಬಾಗಿಲು ಹೊರಕ್ಕೆ ತೆರೆದುಕೊಂಡರೆ ಇನ್ನೂ ಒಳ್ಳೆಯದು. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುವುದು ತಪ್ಪುತ್ತದೆ.

ದುಡ್ಡಿನ ವ್ಯವಹಾರ

ಮುಂಭಾಗದ ಮಿದುಳಿಗೆ ಪೆಟ್ಟಾದವರು ಹಣ ಎಣಿಸುವುದನ್ನು ಮರೆತಿರುವುದಿಲ್ಲ, ‘ತಡಿ, ಯೋಚಿಸೋಣ’ ಎಂದು ತಡೆಯುವ ಶಕ್ತಿ ಕುಂದಿರುತ್ತದೆ. ಮನೆಯವರು ಕಾರ್ಡು, ಫೋನು ಎಲ್ಲ ಕಸಿದುಕೊಳ್ಳುತ್ತಾರೆ. ಹಾಲು, ತರಕಾರಿ ತರುವ ಸಣ್ಣ ಸ್ವಾತಂತ್ರ್ಯವೂ ಅದರೊಂದಿಗೆ ಹೋಗುತ್ತದೆ.

2024ರಲ್ಲಿ ಬಂದ ಯುಪಿಐ ಸರ್ಕಲ್ ಇದಕ್ಕೆಂದೇ ಮಾಡಿದ್ದಲ್ಲ, ಆದರೂ ಚೆನ್ನಾಗಿ ಹೊಂದುತ್ತದೆ. ಖಾತೆ ಇರುವವರು ಮನೆಯ ಇನ್ನೊಬ್ಬರಿಗೆ ತಮ್ಮ ಖಾತೆಯಿಂದ ಪಾವತಿ ಮಾಡುವ ಅಧಿಕಾರ ಕೊಡಬಹುದು, ಆ ಇನ್ನೊಬ್ಬರ ಫೋನಿಗೆ ಬ್ಯಾಂಕ್ ಖಾತೆ ಜೋಡಿಸಿರಬೇಕಿಲ್ಲ. ಎರಡು ಬಗೆಯಿದೆ. ಭಾಗಶಃ ಅಧಿಕಾರದಲ್ಲಿ ಅವರು ಅಂಗಡಿಯಲ್ಲಿ ಸ್ಕ್ಯಾನ್ ಮಾಡುತ್ತಾರೆ, ಮನೆಯಲ್ಲಿರುವವರ ಫೋನಿಗೆ ಕೋರಿಕೆ ಬಂದು ಪಿನ್ ಹಾಕಿದ ಮೇಲೆಯೇ ಹಣ ಹೋಗುತ್ತದೆ. ಪೂರ್ಣ ಅಧಿಕಾರದಲ್ಲಿ ಮೊದಲೇ ಮಿತಿ ಹಾಕಿಡುವುದು; ಶುರುವಾದಾಗ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಇಟ್ಟ ಗರಿಷ್ಠ ಮಿತಿ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000. ಅಷ್ಟೇ ಇಡಬೇಕೆಂದಿಲ್ಲ, ಇನ್ನೂ ಕಡಿಮೆ ಇಡಬಹುದು.

ಭಾಗಶಃ ಅಧಿಕಾರ ಸುರಕ್ಷಿತ, ಆದರೆ ಒಪ್ಪಿಗೆ ಕೊಡುವವರು ಮೀಟಿಂಗಿನಲ್ಲೋ ಬಸ್ಸಿನಲ್ಲೋ ಇದ್ದರೆ ಈ ಕಡೆಯವರು ಅಂಗಡಿಯ ಮುಂದೆ ನಿಂತೇ ಇರಬೇಕು. ತಾಳ್ಮೆ ಕಡಿಮೆಯಾಗಿರುವವರಿಗೆ ಅಲ್ಲೇ ಸಿಟ್ಟು ನೆತ್ತಿಗೇರುತ್ತದೆ. ಮೊದಲ ಕೆಲವು ವಾರ ಭಾಗಶಃ ಇಟ್ಟು, ದಿನದ ಖರ್ಚಿನ ಜಾಡು ಹಿಡಿದು, ಆಮೇಲೆ ತಿಂಗಳಿಗೆ ಎರಡು ಸಾವಿರದಂಥ ಸಣ್ಣ ಮಿತಿಯ ಪೂರ್ಣ ಅಧಿಕಾರಕ್ಕೆ ಬದಲಿಸುವುದು ನಡೆಯುವ ದಾರಿ. ಅವರ ಸ್ವಂತ ಖಾತೆಯ ಯುಪಿಐ ಅದೇ ಫೋನಿನಲ್ಲಿ ಉಳಿದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ. ಅವರ ಒಪ್ಪಿಗೆ ಪಡೆದು ಮೊದಲು ಅದನ್ನು ತೆಗೆಸಿ, ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆಯನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಬಂದ್ ಮಾಡಿ.